ಹಳೆಯ ಟರ್ಬೋ ವಾಹನದಲ್ಲಿ ಇಂಧನದ ಒತ್ತಡ: ಒಂದು ನಿದಾನಪಾಠ

ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಗಿಂತ ಮೊದಲು ಬರುವುದು ನಿದಾನ. ರೋಗದ ಮೂಲಕಾರಣವನ್ನು ಅರಸಿ ನಿಶ್ಚಯಿಸುವುದಕ್ಕೆ ಈ ಹೆಸರು. ಅಲ್ಪಪ್ರಾಣದ ದಕಾರವುಳ್ಳ ಈ ಶಬ್ದವನ್ನು ಮಹಾಪ್ರಾಣದ ‘ನಿಧಾನ’ದೊಡನೆ ಬೆರಸಿ ಬರೆಯುವುದು ಶಾಲೆಯ ಉತ್ತರಪತ್ರಿಕೆಗಳಲ್ಲಿ ಅಪರೂಪವಲ್ಲ. ಶಬ್ದಗಳು ಬೇರೆ, ಅರ್ಥಗಳೂ ಬೇರೆ. ಆದರೆ ಯಂತ್ರದ ದೋಷವನ್ನು ಹುಡುಕಹೊರಟವನಿಗೆ ಇವೆರಡೂ ಒಟ್ಟಿಗೆ ಬೇಕಾಗುತ್ತವೆ. ಪ್ರಸ್ತುತ ಲೇಖನದ ವಿಷಯ ಅಂಥದೊಂದು ದೋಷ.

ಸಂಕೇಶ್ವರ, ಹುಕ್ಕೇರಿ, ಗೋಕಾಕದ ರಸ್ತೆಗಳಲ್ಲಿ ಇಂದಿಗೂ ಓಡಾಡುತ್ತಿರುವ ಹಳೆಯ ವಾಹನಗಳಲ್ಲಿ ಮೊದಲ ತಲೆಮಾರಿನ ಇನ್ನೋವಾ ಒಂದು. ಇದನ್ನು 2005ರಿಂದ 2016ರವರೆಗೆ ಬೆಂಗಳೂರಿನ ಸಮೀಪದ ಬಿಡದಿಯ ಕಾರ್ಖಾನೆಯಲ್ಲಿ ತಯಾರಿಸಿದರು. ಆ ಕಾರ್ಖಾನೆಯ ಜೋಡುಹೆಸರಿನ ಉತ್ತರಾರ್ಧವಾದ ‘ಕಿರ್ಲೋಸ್ಕರ’ ಎಂಬುದು ಬೆಳಗಾವಿ ಜಿಲ್ಲೆಗೆ ಹೊಸದಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು ಉದ್ಯಮಜೀವನವನ್ನು ಆರಂಭಿಸಿದವರು. ಇರಲಿ. ಇನ್ನೋವಾದ ಡೀಸೆಲ್ ಮಾದರಿಯಲ್ಲಿರುವುದು 2.5 ಲೀಟರಿನ, ಟರ್ಬೋ ಅಳವಡಿಸಿದ, ‘ಕಾಮನ್ ರೇಲ್’ ಪದ್ಧತಿಯ ಎಂಜಿನ್. ಅದರ ಶಕ್ತಿ 102 ಅಶ್ವಶಕ್ತಿ.

ಈ ವಾಹನಕ್ಕೆ ವಯಸ್ಸಾದಂತೆ ಕಾಣಿಸಿಕೊಳ್ಳುವ ಒಂದು ವ್ಯಾಧಿಯ ಲಕ್ಷಣ ಹೀಗಿರುತ್ತದೆಂದು ಭಾವಿಸೋಣ. ಬಯಲಿನ ರಸ್ತೆಯಲ್ಲಿ ಒಬ್ಬಿಬ್ಬರು ಕುಳಿತು ಹೋಗುವಾಗ ಯಾವ ತಕರಾರೂ ಇಲ್ಲ. ಏಳೆಂಟು ಜನರನ್ನು ಹೊತ್ತು ನಿಪ್ಪಾಣಿಯ ಕಡೆಯ ತವಂದಿ ಘಾಟನ್ನು ಹತ್ತತೊಡಗಿದೊಡನೆ ‘ಪಿಕಪ್’ ಕುಸಿಯುತ್ತದೆ; ಎಂಜಿನ್ನಿನ ದೀಪ ಹತ್ತುತ್ತದೆ; ವಾಹನ ರಕ್ಷಣಾಸ್ಥಿತಿಗೆ ಇಳಿದು ಎತ್ತಿನಗಾಡಿಯಂತೆ ತೆವಳುತ್ತದೆ. ಬದಿಗೆ ನಿಲ್ಲಿಸಿ, ಆರಿಸಿ, ಮತ್ತೆ ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಜೋಡಿಸಿದಾಗ ಪಿ 0087 ಎಂಬ ಸಂಕೇತ ದೊರೆಯುತ್ತದೆ. ಅದರ ಅರ್ಥ, ರೇಲಿನಲ್ಲಿ ಇಂಧನದ ಒತ್ತಡ ಅತಿಕಡಿಮೆ ಎಂದು. ಇಲ್ಲಿಂದ ‘ಪಂಪು ಹೋಗಿದೆ’ ಎಂಬ ತೀರ್ಮಾನಕ್ಕೆ ಒಂದೇ ಹೆಜ್ಜೆ ಎಂದು ಬಹುಜನರು ತಿಳಿಯುತ್ತಾರೆ. ಆ ಒಂದು ಹೆಜ್ಜೆಯ ಬೆಲೆ ಹತ್ತಾರು ಸಾವಿರ ರೂಪಾಯಿ. ಕಬ್ಬಿನ ಬಿಲ್ಲು ಬರುವುದನ್ನೇ ಕಾಯುವ ಮನೆತನಕ್ಕೆ ಅದು ಸಣ್ಣ ಮೊತ್ತವಲ್ಲ. ಹೊಸ ಪಂಪು ಹಾಕಿದ ಮೇಲೂ ವಾಹನ ಅದೇ ಘಾಟಿನಲ್ಲಿ ನಿಂತರೆ ಆಗುವ ಸಂಕಟವನ್ನು ಹೇಳಬೇಕಾಗಿಲ್ಲ.

ಸಂಕೇತವು ಹೇಳುವುದು ಒತ್ತಡ ಕಡಿಮೆಯೆಂಬ ಕಾರ್ಯವನ್ನು ಮಾತ್ರ, ಅದರ ಕಾರಣವನ್ನಲ್ಲ. ಜ್ವರಮಾಪಕವು ಮೈ ಬಿಸಿಯೆಂದು ತೋರಿಸುವುದೇ ಹೊರತು ಅದು ವಿಷಮಜ್ವರವೋ ಚಳಿಜ್ವರವೋ ಎಂಬುದನ್ನು ತೋರಿಸದು. ಯಾವ ಸಂದರ್ಭದಲ್ಲಿ ಈ ಸಂಕೇತ ಮೂಡಬೇಕೆಂಬ ನಿಯಮವೂ ತಯಾರಕರಿಂದ ತಯಾರಕರಿಗೆ ಭಿನ್ನ. ಆಯಾ ವಾಹನದ ಕೈಪಿಡಿಯೇ ಅದಕ್ಕೆ ಪ್ರಮಾಣ.

ಕಾರಣವನ್ನು ಅರಸುವ ಮುನ್ನ ಇಂಧನದ ದಾರಿಯನ್ನು ಅರಿಯಬೇಕು. ಟ್ಯಾಂಕಿನ ತಳದಲ್ಲಿ ಒಂದು ಜಾಳಿಗೆ. ಅಲ್ಲಿಂದ ವಾಹನದ ಅಡಿಯಲ್ಲಿ ಸಾಗಿಬರುವ ಕೊಳವೆ. ಬಳಿಕ ನೀರನ್ನು ಬೇರ್ಪಡಿಸುವ ಬಟ್ಟಲುಳ್ಳ ಫಿಲ್ಟರು, ಅದರ ತಲೆಯ ಮೇಲೆ ಕೈಯಿಂದ ಒತ್ತುವ ಪುಟ್ಟ ಪಂಪು. ಇದರಿಂದ ಮುಂದೆ ಎಂಜಿನ್ನಿಗೆ ಜೋಡಿಸಿದ ದೊಡ್ಡ ಪಂಪು. ಇನ್ನೋವಾದಲ್ಲಿ ಟ್ಯಾಂಕಿನಿಂದ ಇಂಧನವನ್ನು ಎಳೆದುಕೊಳ್ಳುವ ಸಣ್ಣ ಪಂಪೂ ಈ ದೊಡ್ಡ ಪಂಪಿನ ಒಡಲಿನಲ್ಲಿಯೇ ಅಡಗಿದೆ. ಎಷ್ಟು ಇಂಧನವನ್ನು ಒಳಗೆ ಬಿಡಬೇಕೆಂಬುದನ್ನು ವಿದ್ಯುತ್ತಿನಿಂದ ಚಲಿಸುವ ಹೀರಿಕೆ-ನಿಯಂತ್ರಣ ಕವಾಟ ನಿರ್ಧರಿಸುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಅದು ‘ಎಸ್.ಸಿ.ವಿ.’. ಪಂಪಿನಿಂದ ಹೊರಟ ಇಂಧನ ‘ರೇಲ್’ ಎಂಬ ದಪ್ಪ ಉಕ್ಕಿನ ಕೊಳವೆಯಲ್ಲಿ ಶೇಖರವಾಗಿ ನಾಲ್ಕು ಇಂಜೆಕ್ಟರುಗಳಿಗೆ ಹಂಚಿಕೆಯಾಗುತ್ತದೆ. ಮಿಕ್ಕಿದ್ದು ಹಿಮ್ಮರಳುವ ಕೊಳವೆಯಿಂದ ಟ್ಯಾಂಕಿಗೆ ಹೋಗುತ್ತದೆ.

ಈ ದಾರಿಯಲ್ಲಿ ಎರಡು ಪ್ರದೇಶಗಳಿವೆ. ಟ್ಯಾಂಕಿನಿಂದ ಪಂಪಿನ ಬಾಯಿಯವರೆಗೆ ಇರುವುದು ಹೀರಿಕೆಯ ಪ್ರದೇಶ. ಅಲ್ಲಿ ಒತ್ತಡವು ವಾತಾವರಣದ ಒತ್ತಡಕ್ಕಿಂತಲೂ ತುಸು ಕಡಿಮೆಯೇ. ಪಂಪಿನಿಂದ ಇಂಜೆಕ್ಟರುಗಳವರೆಗೆ ಇರುವುದು ಮಹಾ ಒತ್ತಡದ ಪ್ರದೇಶ. ಎಂಜಿನ್ ಸುಮ್ಮನೆ ತಿರುಗುವಾಗಲೇ ಅಲ್ಲಿ ಸುಮಾರು 300 ಬಾರ್. ಪೂರ್ಣಭಾರದಲ್ಲಿ ಅದು 1,000 ಬಾರನ್ನು ಮೀರುತ್ತದೆ. ಕಾರಿನ ಚಕ್ರದ ಗಾಳಿ 2 ಬಾರಿಗಿಂತ ಸ್ವಲ್ಪ ಹೆಚ್ಚು ಎಂಬುದನ್ನು ನೆನೆದರೆ ಈ ಅಂತರದ ಅಗಾಧತೆ ಮನವರಿಕೆಯಾದೀತು. ಒತ್ತಡ ಕುಂದಿತೆಂದರೆ ಮೂರರಲ್ಲೊಂದು ನಡೆದಿರಬೇಕು: ಇಂಧನ ಪಂಪಿನವರೆಗೆ ಬರುತ್ತಿಲ್ಲ, ಬಂದರೂ ಪಂಪು ಅದನ್ನು ಏರಿಸುತ್ತಿಲ್ಲ, ಏರಿಸಿದರೂ ಅದು ರೇಲಿನಲ್ಲಿ ನಿಲ್ಲುತ್ತಿಲ್ಲ. ಬಾರದಿರುವುದು, ಏರದಿರುವುದು, ನಿಲ್ಲದಿರುವುದು ಎಂಬ ಈ ವಿಭಾಗವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಪರೀಕ್ಷೆಗಳೆಲ್ಲ ಸುಲಭವಾಗುತ್ತವೆ.

ಬಯಲಿನಲ್ಲಿ ಕಾಣದ ದೋಷ ಘಾಟಿನಲ್ಲಿಯೇ ಏಕೆ ಕಾಣುತ್ತದೆ? ಇದಕ್ಕೆ ಟರ್ಬೋವಿನ ಸ್ವಭಾವವನ್ನು ತಿಳಿಯಬೇಕು. ಹೊರಹೋಗುವ ಹೊಗೆಯ ರಭಸದಿಂದ ಚಕ್ರವೊಂದನ್ನು ತಿರುಗಿಸಿ, ಅದರಿಂದ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ತುಂಬುವ ಉಪಾಯವಿದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಈ ಚಕ್ರ ಭಾರದ ವೇಳೆಯಲ್ಲಿ ನಿಮಿಷಕ್ಕೆ ಲಕ್ಷ ಸುತ್ತುಗಳನ್ನೂ ಮೀರಿ ತಿರುಗಬಲ್ಲದು. ಗಾಳಿ ಹೆಚ್ಚಿದಷ್ಟೂ ಇಂಧನವನ್ನು ಹೆಚ್ಚಿಸಬಹುದು. ಹೆಚ್ಚಿಸಿದರೆ ಮಾತ್ರ ಶಕ್ತಿ. ಲೆಕ್ಕ ಹಾಕಿ ನೋಡೋಣ. 102 ಅಶ್ವಶಕ್ತಿ ಎಂದರೆ 75 ಕಿಲೋವಾಟ್. ಇಂಥ ಎಂಜಿನ್ ಪೂರ್ಣಶಕ್ತಿಯಲ್ಲಿ ಒಂದು ಕಿಲೋವಾಟ್‌ಗೆ ಗಂಟೆಗೆ ಸುಮಾರು 240 ಗ್ರಾಂ ಡೀಸೆಲ್ ಉರಿಸುವುದೆಂದು ಹಿಡಿದರೆ ಒಟ್ಟು 18 ಕಿಲೋಗ್ರಾಂ, ಅಂದರೆ ಗಂಟೆಗೆ 20 ಲೀಟರಿಗೂ ಮಿಕ್ಕಿ. ಅದೇ ಎಂಜಿನ್ ನಿಂತಲ್ಲಿ ಸುಮ್ಮನೆ ತಿರುಗುವಾಗ ಉರಿಸುವುದು ಗಂಟೆಗೆ ಒಂದು ಲೀಟರಿನ ಆಸುಪಾಸು. ಅರ್ಧ ಕಟ್ಟಿಕೊಂಡ ಫಿಲ್ಟರು ಒಂದು ಲೀಟರನ್ನು ನಿರಾಯಾಸವಾಗಿ ಬಿಟ್ಟುಕೊಡುತ್ತದೆ. ಇಪ್ಪತ್ತು ಲೀಟರನ್ನು ಬಿಡಲಾರದು. ಆದುದರಿಂದ ಗ್ಯಾರೇಜಿನ ಅಂಗಳದಲ್ಲಿ ನಿಲ್ಲಿಸಿ ಮಾಡಿದ ಪರೀಕ್ಷೆಯಲ್ಲಿ ‘ಎಲ್ಲವೂ ಸರಿ’ ಎಂದು ಬಂದರೆ ಅದನ್ನು ನಂಬತಕ್ಕದ್ದಲ್ಲ.

ಇನ್ನು ಹೊಗೆಯ ವಿಚಾರ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಪ್ರಸಿದ್ಧ ಉದಾಹರಣೆ. ಡೀಸೆಲ್ ವಾಹನದಲ್ಲಿ ಹೊಗೆಯಿಂದಲೂ ಊಹಿಸಬೇಕು, ಹೊಗೆಯ ಅಭಾವದಿಂದಲೂ ಊಹಿಸಬೇಕು. ಶಕ್ತಿ ಕುಂದಿ, ಜೊತೆಗೆ ದಟ್ಟ ಕರಿಹೊಗೆ ಬರುತ್ತಿದ್ದರೆ ಇಂಧನ ಬರುತ್ತಿದೆ, ಗಾಳಿ ಸಾಲದಾಗಿದೆ ಎಂದರ್ಥ. ಟರ್ಬೋವಿನಿಂದ ಎಂಜಿನ್ನಿಗೆ ಹೋಗುವ ರಬ್ಬರು ಕೊಳವೆ ಸೀಳಿರಬಹುದು, ಗಾಳಿಯ ಫಿಲ್ಟರು ಕಟ್ಟಿರಬಹುದು. ಶಕ್ತಿ ಕುಂದಿದರೂ ಹೊಗೆ ಕಾಣದಿದ್ದರೆ ಇಂಧನದ ಕೊರತೆಯನ್ನೇ ಮೊದಲು ಶಂಕಿಸಬೇಕು. ಸ್ಟಾರ್ಟರು ಎಷ್ಟು ತಿರುಗಿದರೂ ಎಂಜಿನ್ ಹತ್ತದೆ, ಹೊಗೆಕೊಳವೆಯಲ್ಲಿ ಬಿಳಿಹೊಗೆಯ ಸುಳಿವೂ ಇಲ್ಲದಿದ್ದರೆ ಸಿಲಿಂಡರಿಗೆ ಇಂಧನವೇ ತಲುಪಿಲ್ಲ. ಆದರೆ ಇಂಜೆಕ್ಟರಿನ ತುದಿ ಸವೆದು ಡೀಸೆಲ್ ಮಂಜಾಗದೆ ಹನಿಯಾಗಿ ಸುರಿದಾಗಲೂ ಕರಿಹೊಗೆ ಬರುವುದುಂಟು. ಹೀಗೆ ಒಂದೇ ಗುರುತು ಎರಡು ಕಾರಣಗಳಿಗೆ ಸಲ್ಲುವುದನ್ನು ತಾರ್ಕಿಕರು ಸವ್ಯಭಿಚಾರ ಹೇತುವೆಂದು ಕರೆದು ದೋಷಗಳಲ್ಲಿ ಎಣಿಸಿದ್ದಾರೆ. ಹೊಗೆಯು ದಾರಿ ತೋರಬಲ್ಲದು, ತೀರ್ಪು ಕೊಡಲಾರದು.

ತೀರ್ಪಿಗೆ ಅನ್ವಯ-ವ್ಯತಿರೇಕಗಳು ಬೇಕು. ಯಾವುದು ಇದ್ದಾಗ ದೋಷವಿದ್ದು, ಯಾವುದನ್ನು ತೆಗೆದಾಗ ದೋಷ ತಪ್ಪುವುದೋ ಅದೇ ಕಾರಣ. ಈ ನಿಯಮವನ್ನು ಅತ್ಯಂತ ಸುಂದರವಾಗಿ ತೋರಿಸುವ ಪರೀಕ್ಷೆ ಒಂದು ಡಬ್ಬಿಯಿಂದ ಆಗುತ್ತದೆ. ಶುದ್ಧ ಡೀಸೆಲ್ ತುಂಬಿದ ಡಬ್ಬಿಯನ್ನು ಎಂಜಿನ್ನಿಗಿಂತ ಎತ್ತರದಲ್ಲಿ, ಬಿಸಿಭಾಗಗಳಿಂದ ದೂರವಾಗಿ ಭದ್ರಪಡಿಸಿ, ಟ್ಯಾಂಕಿನಿಂದ ಬರುವ ಕೊಳವೆಯ ಬದಲಿಗೆ ಆ ಡಬ್ಬಿಯಿಂದ ಹೊಸ ಫಿಲ್ಟರಿನ ಮೂಲಕ ಪಂಪಿಗೆ ಇಂಧನ ಕೊಡುವುದು. ಒತ್ತಡ ಸರಿಹೋದರೆ ದೋಷವಿರುವುದು ಟ್ಯಾಂಕು, ಜಾಳಿಗೆ, ಕೊಳವೆ, ಹಳೆಯ ಫಿಲ್ಟರುಗಳಲ್ಲಿ, ಪಂಪು ನಿರ್ದೋಷಿ. ಸರಿಹೋಗದಿದ್ದರೆ ಹೀರಿಕೆಯ ಪ್ರದೇಶ ನಿರ್ದೋಷಿ, ಮುಂದಕ್ಕೆ ನೋಡಬೇಕು. ಒಂದು ಡಬ್ಬಿ ಮತ್ತು ಎರಡು ಮೊಳ ಕೊಳವೆಯಿಂದ ಅರ್ಧ ದಾರಿ ನಿರ್ಣಯವಾಗಿಹೋಗುತ್ತದೆ. ಇಷ್ಟು ಅಗ್ಗದ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಪಂಪನ್ನು ಬಿಚ್ಚುವುದೇಕೋ ತಿಳಿಯದು.

ಡಬ್ಬಿಗಿಂತಲೂ ಮೊದಲು ಕೈಯಿಂದ ತಿಳಿಯುವುದು ಕೆಲವುಂಟು. ಫಿಲ್ಟರಿನ ತಲೆಯ ಕೈಪಂಪನ್ನು ಹಲವು ಸಲ ಒತ್ತಿದಾಗ ಅದು ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಎಲ್ಲಿಯೋ ಗಾಳಿ ಒಳನುಸುಳುತ್ತಿದೆ. ಒತ್ತಿದ ಪಂಪು ಮೇಲೇಳದೆ ಒಳಗೇ ಕುಳಿತರೆ, ಇಲ್ಲವೆ ಬಹು ತಡವಾಗಿ ಎದ್ದರೆ, ಟ್ಯಾಂಕಿನ ಕಡೆಯ ದಾರಿ ಕಟ್ಟಿದೆ. ಹೀರಿಕೆಯ ಕೊಳವೆಯ ಬಿರುಕಿನಿಂದ ಡೀಸೆಲ್ ಹೊರಗೆ ತೊಟ್ಟಿಕ್ಕಲೇಬೇಕೆಂದಿಲ್ಲ. ಒಳಗಿನ ಒತ್ತಡ ಕಡಿಮೆಯಿರುವುದರಿಂದ ಹೊರಗಿನ ಗಾಳಿಯೇ ಒಳಸೇರುತ್ತದೆ. ಒಣಗಿದ ಕೊಳವೆಯನ್ನು ಕಂಡು ‘ಸೋರಿಕೆಯಿಲ್ಲ’ ಎನ್ನುವುದು ಆದ್ದರಿಂದ ಅವಸರದ ಮಾತು. ಪಂಪಿನ ಬಾಯಿಯ ಹತ್ತಿರ ಗೇಣುದ್ದದ ಪಾರದರ್ಶಕ ನಳಿಕೆಯನ್ನು ಸೇರಿಸಿ ನೋಡಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ರಾತ್ರಿಯೆಲ್ಲ ನಿಂತ ವಾಹನ ಬೆಳಿಗ್ಗೆ ಹತ್ತಲು ತಡಮಾಡುವುದಕ್ಕೆ ಈ ಗಾಳಿಯೇ ಅನೇಕ ವೇಳೆ ಕಾರಣ. ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿದೊಡನೆ ‘ಹುಸ್’ ಎಂಬ ಸದ್ದಿನೊಡನೆ ಗಾಳಿ ಒಳನುಗ್ಗಿ, ವಾಹನ ಚೇತರಿಸಿಕೊಂಡರೆ ಟ್ಯಾಂಕಿನ ಉಸಿರುಗಂಡಿ ಮುಚ್ಚಿದೆಯೆಂದು ತಿಳಿಯಬೇಕು. ಅದಕ್ಕೆ ತಗಲುವ ಖರ್ಚು ಶೂನ್ಯದ ಸಮೀಪ.

ಫಿಲ್ಟರಿನ ಬಟ್ಟಲಿನ ನೀರನ್ನು ಬಸಿದು ನೋಡುವುದು ಈ ಭಾಗದಲ್ಲಿ ವಿಶೇಷವಾಗಿ ಅಗತ್ಯ. ಟ್ರ್ಯಾಕ್ಟರಿಗೆಂದು ಪೀಪಾಯಿಯಲ್ಲಿ ಶೇಖರಿಸಿದ ಡೀಸೆಲ್ಲನ್ನೇ ಅವಸರಕ್ಕೆ ಕಾರಿಗೂ ಸುರಿದರೆ ಪೀಪಾಯಿಯ ತುಕ್ಕು, ಮಳೆಗಾಲದ ತೇವ, ಧೂಳು ಎಲ್ಲವೂ ಅದರೊಡನೆ ಬರುತ್ತವೆ. ಹಳೆಯ ಟ್ರ್ಯಾಕ್ಟರಿನ ಪಂಪು ಇದನ್ನು ಸ್ವಲ್ಪ ಮಟ್ಟಿಗೆ ಸಹಿಸೀತು, ಕಾಮನ್ ರೇಲ್ ಪಂಪು ಸಹಿಸದು. ಅದರ ಭಾಗಗಳು ಡೀಸೆಲ್ಲಿನ ಜಿಡ್ಡಿನಿಂದಲೇ ನಯವಾಗಿ ಚಲಿಸುವಂಥವು. ಸೀಮೆಎಣ್ಣೆ ಬೆರೆತ ಡೀಸೆಲ್ಲಿನಲ್ಲಿ ಆ ಜಿಡ್ಡು ಕಡಿಮೆಯಾಗಿ ಲೋಹ ಲೋಹಕ್ಕೆ ಉಜ್ಜುತ್ತದೆ.

ಹೀರಿಕೆಯ ಪ್ರದೇಶ ನಿರ್ದೋಷಿಯೆಂದು ಖಚಿತವಾದ ಮೇಲೆಯೇ ಮಹಾ ಒತ್ತಡದ ಪ್ರದೇಶಕ್ಕೆ ಕಾಲಿಡಬೇಕು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾಗದು. ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪನೆಯಾದ ಮೈಕೋ ಸಂಸ್ಥೆಯ ಪಂಪುಗಳು ದಶಕಗಳ ಕಾಲ ಈ ನಾಡಿನ ಲಾರಿ-ಟ್ರ್ಯಾಕ್ಟರುಗಳಲ್ಲಿ ಮನೆಮಾತಾಗಿದ್ದವು. 2008ರಲ್ಲಿ ಆ ಸಂಸ್ಥೆಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಆ ಕಾಲದ ಎಂಜಿನ್ನುಗಳಲ್ಲಿ ನಾಝಲ್ ತೆರೆಯುತ್ತಿದ್ದುದು ಸುಮಾರು 200 ಬಾರಿನಲ್ಲಿ. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ನಾಝಲಿನ ಪೈಪಿನ ನಟ್ಟನ್ನು ಸಡಿಲಿಸಿ, ಯಾವ ಸಿಲಿಂಡರು ಕೆಲಸ ಮಾಡುತ್ತಿಲ್ಲವೆಂದು ಕಂಡುಹಿಡಿಯುವುದು ಹಿರಿಯ ಮೆಕ್ಯಾನಿಕರ ಕೈಚಳಕವಾಗಿತ್ತು. ಕಾಮನ್ ರೇಲ್ ಎಂಜಿನ್ನಿನಲ್ಲಿ ಅದೇ ಕೈಚಳಕ ಪ್ರಾಣಾಪಾಯಕಾರಿ. ರೇಲಿನಲ್ಲಿ ನೂರಾರು ಬಾರ್ ಒತ್ತಡ ಸತತವಾಗಿ ನಿಂತಿರುತ್ತದೆ. ಕೂದಲೆಳೆಯಷ್ಟು ತೆಳ್ಳಗಿನ ಚಿಮ್ಮುಧಾರೆಯೂ ಚರ್ಮವನ್ನು ಭೇದಿಸಿ ಒಳಹೊಗುತ್ತದೆ. ಹೊರಗೆ ಸೂಜಿಮೊನೆಯ ಗಾಯ ಮಾತ್ರ ಕಂಡರೂ ಒಳಗಿನ ಮಾಂಸ ಕೊಳೆತು ಬೆರಳನ್ನೋ ಕೈಯನ್ನೋ ಕಳೆದುಕೊಂಡೀತು. ಇಂಥ ಗಾಯವಾದರೆ ನೋವಿಲ್ಲವೆಂದು ಸುಮ್ಮನಿರದೆ ತತ್‌ಕ್ಷಣ ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಗೆ ಹೋಗತಕ್ಕದ್ದು. ಎಂಜಿನ್ ಆರಿಸಿ, ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾದು, ಒತ್ತಡ ಇಳಿದುದನ್ನು ಸ್ಕ್ಯಾನರಿನಲ್ಲಿ ಕಂಡ ಬಳಿಕವೇ ನಟ್ಟಿಗೆ ಪಾನಾ ಹಚ್ಚಬೇಕು. ಸೋರಿಕೆಯನ್ನು ಹುಡುಕಲು ಬೆರಳು ಸವರುವುದಂತೂ ಎಂದೆಂದಿಗೂ ಕೂಡದು. ರಟ್ಟಿನ ತುಂಡೊಂದನ್ನು ದೂರದಿಂದ ಹಿಡಿದರೆ ಸಾಕು.

ಮಹಾ ಒತ್ತಡದ ಪ್ರದೇಶದಲ್ಲಿ ನೋಡುವ ಕಣ್ಣು ಸ್ಕ್ಯಾನರ್. ಅದರಲ್ಲಿ ಎರಡು ಅಂಕಿಗಳನ್ನು ಜೊತೆಯಾಗಿ ಓದಬೇಕು: ಎಂಜಿನ್ನಿನ ಗಣಕಯಂತ್ರ ಬಯಸುವ ಒತ್ತಡ, ಮತ್ತು ರೇಲಿನಲ್ಲಿ ವಾಸ್ತವವಾಗಿ ಇರುವ ಒತ್ತಡ. ಮೊದಲು, ಬಹಳ ಹೊತ್ತು ನಿಂತ ಎಂಜಿನ್ನನ್ನು ಚಾಲೂ ಮಾಡದೆ ಬೀಗವನ್ನಷ್ಟೇ ತಿರುಗಿಸಿ ನೋಡಬೇಕು. ಆಗ ವಾಸ್ತವದ ಅಂಕಿ ಸೊನ್ನೆಯ ಸಮೀಪವಿರಬೇಕು. ಇಲ್ಲದಿದ್ದರೆ ಅಳೆಯುವ ಸೆನ್ಸರೇ ಸುಳ್ಳು ಹೇಳುತ್ತಿದೆ. ಸಾಕ್ಷಿಯೇ ಸುಳ್ಳಾದಾಗ ವಿಚಾರಣೆಯನ್ನು ಮುಂದುವರಿಸಿ ಫಲವಿಲ್ಲ. ಬಳಿಕ ಸ್ಟಾರ್ಟರು ತಿರುಗಿಸುವಾಗ ನೋಡಬೇಕು. ಸುಮಾರು 200ರಿಂದ 250 ಬಾರ್ ಏರಿದ ಹೊರತು ಇಂಥ ಹಲವು ಎಂಜಿನ್ನುಗಳಲ್ಲಿ ಇಂಜೆಕ್ಟರುಗಳು ತೆರೆಯುವುದೇ ಇಲ್ಲ. ಕೊನೆಗೆ ರಸ್ತೆಯಲ್ಲಿ, ಭಾರದಲ್ಲಿ, ಏರಿನಲ್ಲಿ. ಒಬ್ಬನು ವಾಹನ ನಡೆಸಬೇಕು, ಇನ್ನೊಬ್ಬನು ಅಂಕಿಗಳನ್ನು ನೋಡಬೇಕು. ಬಯಸಿದ ಅಂಕಿ ಏರುತ್ತ ಹೋದಂತೆ ವಾಸ್ತವದ ಅಂಕಿ ಹಿಂದುಳಿದು ಎರಡರ ನಡುವಿನ ಕಂದರ ಅಗಲವಾಗುವುದೇ ನಿಜವಾದ ದೋಷದ ದರ್ಶನ.

ಹಿಂದುಳಿಯುವ ಬಗೆಯಲ್ಲಿಯೂ ಭೇದವುಂಟು. ಎಂಜಿನ್ ಸುಮ್ಮನೆ ತಿರುಗುವಾಗ ಅಂಕಿ ಮೇಲೆ-ಕೆಳಗೆ ಉಯ್ಯಾಲೆಯಾಡಿ, ಕಾಲು ತೆಗೆದೊಡನೆ ಎಂಜಿನ್ ಆರಿಹೋಗುತ್ತಿದ್ದರೆ ಎಸ್.ಸಿ.ವಿ. ಕವಾಟ ಅಂಟಿಕೊಳ್ಳುತ್ತಿದೆಯೆಂಬ ಶಂಕೆ ಬಲವಾಗುತ್ತದೆ. ಈ ಕವಾಟವನ್ನು ಪಂಪಿನಿಂದ ಬೇರ್ಪಡಿಸಿ ಬದಲಿಸಬಹುದು. ಇಡೀ ಪಂಪಿನ ಬೆಲೆಗೆ ಹೋಲಿಸಿದರೆ ಅದರದು ಅಲ್ಪಾಂಶ. ಇದು ‘ಏರದಿರುವುದು’ ಎಂಬ ವರ್ಗದ ದೋಷವಾದರೂ ಪಂಪಿನ ಸವೆತವಲ್ಲ.

‘ನಿಲ್ಲದಿರುವುದು’ ಇನ್ನೂ ಗೂಢ. ಪಂಪು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದರೂ, ಸವೆದ ಇಂಜೆಕ್ಟರು ಒಳಗಿಂದೊಳಗೇ ಇಂಧನವನ್ನು ಹಿಮ್ಮರಳುವ ಕೊಳವೆಗೆ ಬಿಟ್ಟುಕೊಡುತ್ತಿರಬಹುದು. ತೂತು ಬಿದ್ದ ಕೊಡಕ್ಕೆ ನೀರು ಹೊತ್ತಂತೆ. ಹೊರಗೆ ಒಂದು ಹನಿಯೂ ಕಾಣದು. ಇದನ್ನು ಹಿಡಿಯಲು ನಾಲ್ಕು ಇಂಜೆಕ್ಟರುಗಳ ಹಿಮ್ಮರಳುವ ಬಾಯಿಗಳಿಗೆ ಒಂದೇ ಅಳತೆಯ ನಾಲ್ಕು ಸೀಸೆಗಳನ್ನು ಜೋಡಿಸಿ, ಎಂಜಿನ್ನನ್ನು ಒಂದೆರಡು ನಿಮಿಷ ನಡೆಸಿ, ಸೀಸೆಗಳ ಮಟ್ಟವನ್ನು ಹೋಲಿಸುತ್ತಾರೆ. ಮೂರು ಸಮನಾಗಿ, ಒಂದು ಮಾತ್ರ ಎದ್ದು ತೋರುವಂತೆ ತುಂಬಿದ್ದರೆ ತಪ್ಪಿತಸ್ಥ ಆ ಇಂಜೆಕ್ಟರು. ನಾಲ್ಕೂ ಮಿತಿಮೀರಿ ತುಂಬಿದರೆ ನಾಲ್ಕೂ ಸವೆದಿವೆ. ರೇಲಿನ ತುದಿಯ ರಕ್ಷಣಾಕವಾಟ ಸೋರುವುದೂ ಉಂಟು; ಅದರ ಹಿಮ್ಮರಳುವ ಕೊಳವೆಯನ್ನು ಬಿಡಿಸಿ ನೋಡಿದರೆ ತಿಳಿಯುತ್ತದೆ. ಎಂಜಿನ್ ಸಹಜವಾಗಿ ನಡೆಯುತ್ತಿರುವಾಗ ಅಲ್ಲಿಂದ ಇಂಧನ ಬರಲಾಗದು.

ಪೆಟ್ರೋಲಿನ ಟರ್ಬೋ ಕಾರುಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬೇಕು, ಏಕೆಂದರೆ ಅಲ್ಲಿ ಇದೇ ದೋಷದ ಪರಿಣಾಮ ಬೇರೆ. ಒಳಹೊಗುವ ಕೊಳವೆಗೆ ಇಂಧನ ಚಿಮ್ಮಿಸುವ ಹಳೆಯ ಪದ್ಧತಿಯಲ್ಲಿ ರೇಲಿನ ಒತ್ತಡ 3 ಬಾರಿನಷ್ಟು ಮಾತ್ರ. ಟರ್ಬೋ 0.7 ಬಾರ್ ಗಾಳಿಯನ್ನು ತುಂಬಿದಾಗ ಇಂಧನದ ಒತ್ತಡವೂ 3.7ಕ್ಕೆ ಏರಬೇಕು, ಆಗಲೇ ಇಂಜೆಕ್ಟರಿನ ಆಚೀಚೆಯ ಅಂತರ 3 ಬಾರಾಗಿ ಉಳಿಯುತ್ತದೆ. ಈ ಏರಿಕೆಯನ್ನು ಒತ್ತಡ ನಿಯಂತ್ರಕಕ್ಕೆ ತಿಳಿಸುವುದು ಒಂದು ಸಣ್ಣ ರಬ್ಬರು ನಳಿಕೆ. ಅದು ಸೀಳಿದರೆ ಅಂತರ 2.3 ಬಾರಿಗೆ ಇಳಿಯುತ್ತದೆ. ಹರಿವು ಅಂತರದ ವರ್ಗಮೂಲವನ್ನು ಅನುಸರಿಸುವುದರಿಂದ ಇಂಧನ ನೂರಕ್ಕೆ ಹನ್ನೆರಡರಷ್ಟು ಕಡಿಮೆಯಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಕಡಿಮೆಯಾದರೆ ಶಕ್ತಿ ಕುಂದುವುದಷ್ಟೇ. ಪೆಟ್ರೋಲ್ ಎಂಜಿನ್ನಿನಲ್ಲಾದರೋ ಭಾರದ ವೇಳೆ ಇಂಧನ ಸಾಲದಿದ್ದರೆ ದಹನ ಅಕಾಲದಲ್ಲಿ ಸಿಡಿದು ಪಿಸ್ಟನ್ನೇ ಕರಗಬಹುದು. ಡೀಸೆಲ್ಲಿನವನು ತೆವಳುತ್ತ ಮನೆ ಸೇರಿಯಾನು. ಪೆಟ್ರೋಲಿನವನು ಕಾಲನ್ನು ಸಡಿಲಿಸಿ ವಾಹನವನ್ನು ನಿಲ್ಲಿಸುವುದೇ ಕ್ಷೇಮ. ಅಲ್ಲಿ ಒತ್ತಡವನ್ನು ಅಳೆಯಲು ಸ್ಕ್ಯಾನರಿಗಿಂತ ರೇಲಿಗೆ ಜೋಡಿಸುವ ಮುಳ್ಳಿನ ಮಾಪಕವೇ ಹೆಚ್ಚು ಉಪಯುಕ್ತ. ಪೆಟ್ರೋಲಿನ ಆವಿಯ ಬಳಿ ಕಿಡಿ ಕೂಡದೆಂಬುದನ್ನು ಮರೆಯಬಾರದು.

ಮತ್ತೆ ಡೀಸೆಲ್ಲಿಗೆ. ಡಬ್ಬಿಯಿಂದ ಇಂಧನ ಕೊಟ್ಟರೂ ಒತ್ತಡ ಏರದೆ, ಸೆನ್ಸರ್ ಸತ್ಯವನ್ನೇ ಹೇಳುತ್ತಿದ್ದು, ಕವಾಟ ಹೊಸದಾಗಿದ್ದು, ಸೀಸೆಗಳ ಮಟ್ಟ ಸಮನಾಗಿದ್ದು, ರಕ್ಷಣಾಕವಾಟ ಸೋರದಿದ್ದರೆ ಆಗ ಮಾತ್ರ ಪಂಪು ಸವೆದಿದೆಯೆಂಬ ನಿರ್ಣಯಕ್ಕೆ ಆಧಾರವಿದೆ. ಪರಿಶೇಷಾನುಮಾನವೆಂದರೆ ಇದೇ: ಉಳಿದುವನ್ನೆಲ್ಲ ನಿರಾಕರಿಸಿದ ಮೇಲೆ ಉಳಿದದ್ದು. ನಿಡಸೋಸಿಯಲ್ಲಿಯೇ ಇಂಜಿನಿಯರಿಂಗ್ ಮಹಾವಿದ್ಯಾಲಯವಿದ್ದು, ಇಲ್ಲಿಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಈ ವಿದ್ಯೆಗೆ ತೊಡಗುವವರು. ತರ್ಕದ ಪಾಠವೂ ಎಂಜಿನ್ನಿನ ಪಾಠವೂ ಇಷ್ಟು ಹತ್ತಿರದವೆಂದು ಅವರಿಗೆ ಆಗ ಬೆರಗಾಗಲಾರದು.

ಪಂಪನ್ನು ಬದಲಿಸುವುದೇ ಆದರೆ ಅಲ್ಲಿಗೇ ಕೆಲಸ ಮುಗಿಯಿತೆನ್ನುವಂತಿಲ್ಲ. ಸವೆದ ಪಂಪಿನಿಂದ ಉದುರಿದ ಲೋಹದ ಸೂಕ್ಷ್ಮಕಣಗಳು ರೇಲಿಗೂ ಇಂಜೆಕ್ಟರುಗಳಿಗೂ, ಹಿಮ್ಮರಳುವ ಕೊಳವೆಯಿಂದ ಟ್ಯಾಂಕಿಗೂ ಹೋಗಿರುತ್ತವೆ. ಎಸ್.ಸಿ.ವಿ. ಕವಾಟವನ್ನು ತೆಗೆದು ಅದರ ಜಾಳಿಗೆಯ ಮೇಲೆ, ಹಳೆಯ ಫಿಲ್ಟರನ್ನು ಕತ್ತರಿಸಿ ಅದರ ಮಡಿಕೆಗಳಲ್ಲಿ ನೋಡಿದರೆ ಬಿಸಿಲಿಗೆ ಮಿನುಗುವ ಪುಡಿ ಕಾಣಿಸುತ್ತದೆ. ಕಂಡರೆ ಟ್ಯಾಂಕು, ಕೊಳವೆ, ರೇಲುಗಳನ್ನೆಲ್ಲ ಶುದ್ಧಿಗೊಳಿಸಿ ಇಂಜೆಕ್ಟರುಗಳನ್ನು ಪರೀಕ್ಷಾಯಂತ್ರದಲ್ಲಿ ನೋಡಿಸಿದ ಬಳಿಕವೇ ಹೊಸ ಪಂಪನ್ನು ಕೂಡಿಸಬೇಕು. ಇಲ್ಲವಾದರೆ ಹಳೆಯ ಪುಡಿಯೇ ಹೊಸ ಪಂಪನ್ನು ತಿನ್ನುತ್ತದೆ. ಗಾಳಿಯನ್ನು ಕೈಪಂಪಿನಿಂದ ಪೂರ್ತಿಯಾಗಿ ಹೊರಹಾಕಿ, ಎಂಜಿನ್ನನ್ನು ನಡೆಸಿ, ಅದೇ ಜನಭಾರದೊಡನೆ ಅದೇ ಘಾಟನ್ನು ಹತ್ತಿಸಿ, ಬಯಸಿದ ಒತ್ತಡ ಮತ್ತು ವಾಸ್ತವದ ಒತ್ತಡಗಳನ್ನು ಮೂರು-ನಾಲ್ಕು ವೇಗಗಳಲ್ಲಿ ಬರೆದುಕೊಂಡು, ದಿನಾಂಕ ಹಾಗೂ ಓಡಿದ ಕಿಲೋಮೀಟರುಗಳೊಡನೆ ವಾಹನದ ಕಾಗದಪತ್ರಗಳ ಜೊತೆ ಇಟ್ಟರೆ, ಮುಂದೊಮ್ಮೆ ಒತ್ತಡ ಕುಂದಿದಾಗ ಹೋಲಿಸಲು ಆ ಅಂಕಿಗಳು ಒದಗುತ್ತವೆ.